ನಾಟಕದವರ ಖಾತೆ

ನಮ್ಮ ಅಜ್ಜನಿಗೆ ತಿಪಟೂರಿನಲ್ಲಿ ಒಂದು ಸಣ್ಣ ದಿನಸಿ ಅಂಗಡಿ ಇತ್ತು. ಅಂಗಡಿ ಹೋಗಿ ಎಷ್ಟೋ ವರ್ಷವಾಯಿತು. ಅದರ ಖಾತೆ ಪುಸ್ತಕಗಳಲ್ಲಿ ಒಂದು ಮಾತ್ರ ನಮ್ಮ ಮನೆಯ ಅಟ್ಟದಲ್ಲಿ ಉಳಿದುಕೊಂಡಿದೆ. ಕೆಂಪು ಬಟ್ಟೆಯ ರಟ್ಟು, ಉದ್ದಕ್ಕೆ ಮಡಿಸಿ ಹೊಲಿದ ಹಾಳೆಗಳು, ಮೊದಲ ಪುಟದಲ್ಲಿ ಅರಿಶಿನ ಕುಂಕುಮದ ಗುರುತು. ಒಂದೊಂದು ಮನೆತನಕ್ಕೆ ಒಂದೊಂದು ಪುಟ. ನಡುವೆ ಒಂದು ಪುಟದ ತಲೆಯ ಮೇಲೆ ಮಾತ್ರ ಯಾರ ಹೆಸರೂ ಇಲ್ಲ. ‘ನಾಟಕದವರು’ ಎಂದಷ್ಟೇ ಬರೆದಿದೆ.

ಆ ಪುಟವನ್ನು ನಾನು ಎಷ್ಟು ಸಲ ಓದಿದ್ದೇನೋ. ಅಕ್ಕಿ ಒಂದು ಪಲ್ಲ. ತೊಗರಿಬೇಳೆ ಹತ್ತು ಸೇರು. ಹುಣಸೆಹಣ್ಣು, ಒಣಮೆಣಸಿನಕಾಯಿ, ಸೀಮೆಎಣ್ಣೆ ಎರಡು ಡಬ್ಬ. ಕೊಬ್ಬರಿ ಎಣ್ಣೆ ಮಾತ್ರ ಯಾವ ಕುಟುಂಬಕ್ಕೂ ಬೇಕಾಗದಷ್ಟಿದೆ. ಅದು ಬಣ್ಣ ತೆಗೆಯಲು ಎಂದು ಅಮ್ಮ ಹೇಳಿದ ಮೇಲೆಯೇ ನನಗೆ ಅರ್ಥವಾದದ್ದು. ಮುಖಕ್ಕೆ ಬಳಿದ ಬಣ್ಣ ನೀರಿಗೆ ಜಗ್ಗುವುದಿಲ್ಲ, ನಾಟಕ ಮುಗಿದ ಮೇಲೆ ಎಣ್ಣೆ ಹಚ್ಚಿ ಹಳೆಯ ಬಟ್ಟೆಯಿಂದ ಒರೆಸಬೇಕು. ಪುಟದ ಕೊನೆಯಲ್ಲಿ ಅಜ್ಜನ ಕೈಬರಹದಲ್ಲಿ ಒಂದೇ ಪದ: ‘ಚುಕ್ತಾ’.

ಅಜ್ಜ ಉದ್ರಿ ಕೊಡುವ ವಿಷಯದಲ್ಲಿ ಬಿಗಿ ಮನುಷ್ಯ. ನೆಂಟರಿಗೂ ಎರಡು ಸಲ ಯೋಚಿಸಿ ಕೊಡುತ್ತಿದ್ದರಂತೆ. ಇಂಥ ಅಜ್ಜ ಊರಿಲ್ಲದ, ಮನೆಯಿಲ್ಲದ, ನಾಳೆ ಬೆಳಿಗ್ಗೆ ರೈಲು ಹತ್ತಿ ಹೋದರೆ ಹಿಡಿಯಲೂ ಆಗದ ನಲವತ್ತು ಐವತ್ತು ಜನರಿಗೆ ಎರಡು ತಿಂಗಳು ಉದ್ರಿ ಕೊಟ್ಟದ್ದು ಏಕೆ ಎಂದು ಅಮ್ಮ ಚಿಕ್ಕವಳಿದ್ದಾಗ ಕೇಳಿದ್ದಳಂತೆ. ‘ಅವರು ಗುಬ್ಬಿಯ ದಾರಿಯವರು ಮಗಳೇ, ಬಾಕಿ ಇಟ್ಟು ಹೋಗುವುದಿಲ್ಲ’ ಎಂದರಂತೆ ಅಜ್ಜ.

ಗುಬ್ಬಿಯ ದಾರಿ ಎಂದರೆ ರೈಲಿನ ದಾರಿಯಲ್ಲ ಎಂಬುದು ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು.

ಗುಬ್ಬಿ ತುಮಕೂರಿನಿಂದ ಇಪ್ಪತ್ತು ಕಿಲೋಮೀಟರ್ ಆಚೆಗಿರುವ ಪೇಟೆ. ತೆಂಗು, ಅಡಿಕೆಯ ಸೀಮೆ. ಹದಿನಾರನೆಯ ಶತಮಾನದಲ್ಲಿ ‘ಭಾವಚಿಂತಾರತ್ನ’ ಬರೆದ ಮಲ್ಲಣಾರ್ಯನ ಊರು. ಊರ ದೇವರು ಚನ್ನಬಸವೇಶ್ವರ. 1884ರಲ್ಲಿ ಈ ಪೇಟೆಯ ಕೆಲವರು ಸೇರಿ ಒಂದು ನಾಟಕ ಸಂಘ ಕಟ್ಟಿದರು. ಮುಂದಾಳುಗಳಲ್ಲಿ ಚಂದಣ್ಣನವರು ಇದ್ದರು, ಅಬ್ದುಲ್ ಅಜೀಜ್ ಸಾಹೇಬರು ಇದ್ದರು. ಸಂಘಕ್ಕೆ ಇಟ್ಟ ಹೆಸರು ‘ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ’. ಕೃಪಾಪೋಷಿತ ಎಂಬ ಪದದ ಮೇಲೆ ನನ್ನ ಕಣ್ಣು ಯಾವಾಗಲೂ ನಿಲ್ಲುತ್ತದೆ. ಆ ಕಾಲದಲ್ಲಿ ಮೈಸೂರಿನಲ್ಲಿ ಅರಮನೆಗೇ ಒಂದು ನಾಟಕ ಸಭೆ ಇತ್ತು. ಚಾಮರಾಜ ಒಡೆಯರ ಆಶ್ರಯ, ಬಸವಪ್ಪ ಶಾಸ್ತ್ರಿಗಳಂಥ ಪಂಡಿತರು ಕನ್ನಡಕ್ಕೆ ತಂದ ಶಾಕುಂತಲ, ಎಲ್ಲವೂ ಅಲ್ಲಿತ್ತು. ಗುಬ್ಬಿಯವರಿಗೆ ಇವು ಯಾವುವೂ ಇರಲಿಲ್ಲ. ಅವರನ್ನು ಪೋಷಿಸಬೇಕಾದದ್ದು ಊರ ದೇವರ ಕೃಪೆ ಮತ್ತು ನೆಲದ ಮೇಲೆ ಕೂರುವವನು ಕೊಡುವ ಕಾಸು. ಅರಮನೆಯ ಸಭೆಗೆ ಪ್ರಭು ಒಬ್ಬನೇ. ಗುಬ್ಬಿಯವರಿಗೆ ಪ್ರತಿ ರಾತ್ರಿಯೂ ಹೊಸ ಪ್ರಭುಗಳು. ಅವರು ಬರದಿದ್ದರೆ ಮರುದಿನ ಒಲೆ ಉರಿಯುವುದಿಲ್ಲ.

ಈ ಸಂಘಕ್ಕೆ ಐದಾರು ವರ್ಷದ ಹುಡುಗನಾಗಿ ಬಂದು ಸೇರಿದವರು ವೀರಣ್ಣ. ಬಾಲಪಾತ್ರ ಮಾಡುತ್ತ, ಹಾಡುತ್ತ, ತಬಲಾ ಪಿಟೀಲುಗಳ ನಡುವೆ ಬೆಳೆಯುತ್ತ 1917ರಲ್ಲಿ ಕಂಪನಿಯ ಮಾಲೀಕರೇ ಆದರು. ಅಲ್ಲಿಂದ ಮುಂದೆ ಕಂಪನಿಯ ಹೆಸರು ಊರಿನದೋ ವೀರಣ್ಣನವರದೋ ಎಂದು ಬೇರೆ ಮಾಡಿ ಹೇಳುವುದು ಕಷ್ಟ. ‘ಗುಬ್ಬಿ ಕಂಪನಿ’ ಎಂದರೆ ಸಾಕಾಗಿತ್ತು.

ಕಂಪನಿ ನಾಟಕ ಎಂದರೆ ಮಾತಿನ ನಡುವೆ ಒಂದೆರಡು ಹಾಡು ಎಂದು ಇಂದಿನವರು ತಿಳಿಯಬಹುದು. ಲೆಕ್ಕ ತಿರುವುಮುರುವು. ಅದು ಹಾಡಿನ ನಾಟಕ. ಮಾತು ಹಾಡಿನಿಂದ ಹಾಡಿಗೆ ದಾಟಲು ಹಾಕಿದ ಸಂಕ. ನಾಂದಿಯಿಂದ ಮಂಗಳದವರೆಗೆ ಹತ್ತಾರು ಹಾಡು, ಕಂದ, ವೃತ್ತ. ಮಟ್ಟುಗಳು ಎಲ್ಲಿಂದಲೋ ಬರುತ್ತಿದ್ದವು: ಕರ್ನಾಟಕ ಸಂಗೀತದ ಕೀರ್ತನೆ, ಮರಾಠಿ ನಾಟ್ಯಸಂಗೀತ, ಪಾರ್ಸಿ ಕಂಪನಿಗಳ ಹಿಂದುಸ್ತಾನಿ ಧಾಟಿ. ಬಂದವು ಇಲ್ಲಿಯ ಬಾಯಿಗೆ ಬಿದ್ದು ಇಲ್ಲಿಯವೇ ಆದವು. ಜನ ಮೆಚ್ಚಿದರೆ ‘ಒನ್ಸ್ ಮೋರ್’. ಸಾಯುತ್ತಿರುವ ಪಾತ್ರವೂ ಎದ್ದು ಕುಳಿತು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕು. ಇದನ್ನು ಹೇಳಿ ನಗುವವರನ್ನು ಕಂಡಿದ್ದೇನೆ. ನನಗೆ ನಗು ಬರುವುದಿಲ್ಲ. ದಿನವಿಡೀ ಹೊಲದಲ್ಲಿ ದುಡಿದು, ಗಾಡಿ ಕಟ್ಟಿಕೊಂಡು ಬಂದು, ಕಾಸು ಕೊಟ್ಟು ಕುಳಿತವನಿಗೆ ಆ ರಾಗ ಇನ್ನೊಮ್ಮೆ ಬೇಕೆನಿಸಿದರೆ ಅದನ್ನು ಕೊಡುವುದಕ್ಕಿಂತ ದೊಡ್ಡ ಕೆಲಸ ರಂಗದ ಮೇಲೆ ಏನಿದೆ?

ಧ್ವನಿವರ್ಧಕ ಇಲ್ಲದ ಕಾಲ. ಹಿಂದಿನ ಸಾಲಿನವನಿಗೂ ಅಕ್ಷರ ಅಕ್ಷರ ಕೇಳಬೇಕು. ಅದಕ್ಕೇ ಶ್ರುತಿ ಏರಿದ್ದು. ಕರಿ ಎರಡು, ಬಿಳಿ ನಾಲ್ಕು ಎಂದು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲೇ ಅವರು ಗಂಟಲನ್ನು ಅಳೆಯುತ್ತಿದ್ದರು. ರಂಗದ ಮುಂದೆ ಕಾಲುಹಾರ್ಮೋನಿಯಂ. ಕಾಲಿನಿಂದ ತಿದಿ ಒತ್ತಿದರೆ ಎರಡೂ ಕೈ ಮನೆಗಳ ಮೇಲೆ ಓಡಾಡಲು ಬಿಡುವು. ಅದರ ಮಾಸ್ತರರ ಕಣ್ಣು ನಟನ ಬಾಯಿಯ ಮೇಲೆ. ಹಿಂದೆ ಸುರುಳಿ ಸುತ್ತಿದ ಪರದೆಗಳು: ಅರಮನೆ, ಕಾಡು, ಬೀದಿ. ಬೀದಿಯ ಪರದೆ ಎಲ್ಲಕ್ಕಿಂತ ಮುಂದೆ ಇಳಿಯುತ್ತಿತ್ತು. ಅದರ ಎದುರು ಹಾಸ್ಯಗಾರರು ಜನರನ್ನು ನಗಿಸುತ್ತಿರುವಾಗ ಹಿಂದೆ ಸದ್ದಿಲ್ಲದೆ ಅರಮನೆ ಎದ್ದು ನಿಲ್ಲುತ್ತಿತ್ತು. ನಮ್ಮ ನಾಟಕಗಳಲ್ಲಿ ಹಾಸ್ಯ ಏಕೆ ಅಷ್ಟು ಬೆಳೆಯಿತು ಎಂಬುದಕ್ಕೆ ಸುತ್ತಿಗೆ ಮೊಳೆಯ ಈ ಕಾರಣವೂ ಒಂದು.

ಹಾಗೆ ಬೆಳೆದ ಹಾಸ್ಯದ ಅರಸ ವೀರಣ್ಣನವರು. ಕಂಪನಿಯ ಮಾಲೀಕ ತನಗೆ ರಾಜನ ಪಾತ್ರ ಇಟ್ಟುಕೊಳ್ಳುವುದು ಸಹಜ. ವೀರಣ್ಣನವರನ್ನು ನಾಡು ನೆನೆಯುವುದು ‘ಸದಾರಮೆ’ಯ ಕಳ್ಳನಾಗಿ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಕೈಯಲ್ಲಿ ಹೊಸ ರೂಪ ಪಡೆದ ಆ ನಾಟಕದಲ್ಲಿ ಕಳ್ಳ ಸದಾರಮೆಯನ್ನು ಹೊತ್ತೊಯ್ಯುತ್ತಾನೆ, ಮದುವೆಯಾಗುವ ಆಸೆಯಲ್ಲಿ ಅವಳ ಮಾತಿಗೆ ಮರುಳಾಗುತ್ತಾನೆ, ಅವಳು ಅವನನ್ನು ಏಮಾರಿಸಿ ಪಾರಾಗುತ್ತಾಳೆ. ಊರಿಗೆ ಹೆದರಿಕೆ ಹುಟ್ಟಿಸುವವನು ಒಬ್ಬ ಹೆಣ್ಣಿನ ಮುಂದೆ ಪೆದ್ದನಾಗುವುದನ್ನು ನೋಡಿ ನಮ್ಮ ಅಜ್ಜಿಯಂಥವರು ಸೆರಗು ಬಾಯಿಗೆ ಹಿಡಿದು ನಕ್ಕರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಅಕ್ಕಿ ಆರಿಸುವಾಗ ಅವಳ ಬಾಯಲ್ಲಿ ಬರುತ್ತಿದ್ದ ಕಂದಪದ್ಯದ ಚೂರುಗಳಲ್ಲಿ ಇದ್ದ ಹಳಗನ್ನಡದ ಪದಗಳು ನನಗೆ ಕಾಲೇಜಿನಲ್ಲಿ ಮತ್ತೆ ಸಿಕ್ಕವು. ಅವಳಿಗೆ ಅವು ಎಲ್ಲಿಂದ ಬಂದವು? ಶಾಲೆ ಕಾಣದ ಹೆಂಗಸರಿಗೂ ಕುಮಾರವ್ಯಾಸನ ಗಾಳಿ ತಾಗಿಸಿದ್ದು ನಾಟಕದ ಗುಡಾರ. ಇದನ್ನು ನಾನು ಗಟ್ಟಿಯಾಗಿ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲೇ ಕಂಡಿದ್ದೇನೆ.

1934ರ ‘ಕುರುಕ್ಷೇತ್ರ’ದ ಮಾತು ಬಂದರೆ ಹಳಬರ ದನಿ ಬದಲಾಗುತ್ತಿತ್ತು. ಬಿ. ಪುಟ್ಟಸ್ವಾಮಯ್ಯನವರು ಬರೆದ ನಾಟಕ. ರಂಗದ ಮೇಲೆ ನಿಜವಾದ ಆನೆ, ನಿಜವಾದ ಕುದುರೆ, ರಥ. ಆನೆ ತರುವುದು ಕಷ್ಟವಲ್ಲ. ಪ್ರತಿದಿನ ಅದಕ್ಕೆ ಮೇವು ಹಾಕಿ, ಹಾಡಿಗೆ, ತಬಲಾಕ್ಕೆ, ದೀಪಕ್ಕೆ, ಜನರ ಶಿಳ್ಳೆಗೆ ಬೆದರದಂತೆ ನಡೆಸುವುದು ಕಷ್ಟ. ಜನ ಕಾಸು ಕೊಟ್ಟು ಬಂದಿದ್ದಾರೆ, ಮಹಾಭಾರತ ತೋರಿಸುತ್ತೇವೆ ಎಂದಿದ್ದೇವೆ, ಆದ್ದರಿಂದ ಆನೆ ಬರಲೇಬೇಕು. ಆಡಂಬರ ಎಂದು ಇದನ್ನು ತಳ್ಳಿಹಾಕಿದ ವಿಮರ್ಶಕರಿದ್ದಾರೆ. ಅಂಗಡಿಯವನ ಮೊಮ್ಮಗನಾದ ನನಗೆ ಅದರಲ್ಲಿ ತೂಕದ ನಿಯತ್ತು ಕಾಣುತ್ತದೆ.

ಸ್ತ್ರೀಪಾತ್ರದ ವಿಷಯಕ್ಕೆ ಬರುತ್ತೇನೆ. ಮೊದಲು ಗಂಡಸರೇ ಸೀರೆ ಉಟ್ಟು ಸೀತೆ, ದ್ರೌಪದಿಯರಾಗುತ್ತಿದ್ದರು. ಹೆಂಗಸರು ರಂಗ ಹತ್ತುವುದು ಮರ್ಯಾದಸ್ಥರ ಕೆಲಸವಲ್ಲ ಎಂದು ಊರು ತೀರ್ಮಾನಿಸಿತ್ತು. ಗುಬ್ಬಿ ಕಂಪನಿಯಲ್ಲಿ ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಿದರು. ಮಳವಳ್ಳಿ ಸುಂದರಮ್ಮ, ಬಿ. ಜಯಮ್ಮ ಅವರಂಥ ಹಾಡುವ ನಟಿಯರಿಂದ ರಂಗಕ್ಕೆ ಬೇರೆಯೇ ಕಳೆ ಬಂತು. ವೀರಣ್ಣನವರ ಪತ್ನಿಯೂ ಆಗಿದ್ದ ಜಯಮ್ಮನವರು ಮುಂದೆ ಸಿನಿಮಾದಲ್ಲೂ ಹೆಸರು ಮಾಡಿದರು. ಆದರೆ ಇದೇ ಕಲಾವಿದೆಯರ ಹಾಡಿಗೆ ರಾತ್ರಿ ಚಪ್ಪಾಳೆ ತಟ್ಟಿದ ಊರು ಹಗಲು ಹೊತ್ತು ನಾಟಕದ ಹೆಣ್ಣುಮಕ್ಕಳಿಗೆ ಬಾಡಿಗೆ ಮನೆ ಕೊಡಲು ಹಿಂದೆಮುಂದೆ ನೋಡುತ್ತಿತ್ತು. ನಮ್ಮ ಬೀದಿಯಲ್ಲೂ ಹಾಗೆ ಆಗಿತ್ತಂತೆ. ಕೊನೆಗೆ ಅಜ್ಜ ಅಂಗಡಿಯ ಹಿಂದಿನ ಉಗ್ರಾಣವನ್ನು ಗುಡಿಸಿ ಸುಣ್ಣ ಹೊಡೆಸಿ ಕೊಟ್ಟರು. ಅದರ ಬಾಡಿಗೆ ಖಾತೆಯಲ್ಲಿ ಎಲ್ಲೂ ಇಲ್ಲ. ನಾನು ಹುಡುಕಿದ್ದೇನೆ.

ಈಗ ಒಲೆಯ ವಿಷಯ. ಆ ಪಲ್ಲದ ಅಕ್ಕಿಯನ್ನು ಬೇಯಿಸಿ ಬಡಿಸುತ್ತಿದ್ದ ಸಾಲು ನನಗೆ ಮುಖ್ಯವೆನಿಸುತ್ತದೆ. ಕಂಪನಿ ಮೊಕ್ಕಾಂ ಹೂಡಿದ ಕಡೆ ಅಡುಗೆಮನೆ ಒಂದೇ. ಹಲವು ಜಾತಿ, ಹಲವು ಊರಿನವರು, ಮನೆಯಿಂದ ಓಡಿ ಬಂದ ಹುಡುಗರು, ಎಲ್ಲರಿಗೂ ಅಲ್ಲೇ ಊಟ. ಮಳೆ ಹಿಡಿದು ಆಟ ನಿಂತರೂ ಊಟ ನಿಲ್ಲಬಾರದು. ಕಲಿಯುವುದೂ ಅಲ್ಲೇ: ಬೆಳಿಗ್ಗೆ ಸ್ವರ, ಮಧ್ಯಾಹ್ನ ಮಾತಿನ ತಾಲೀಮು, ರಾತ್ರಿ ರಂಗದ ಬದಿಯಲ್ಲಿ ನಿಂತು ದೊಡ್ಡವರನ್ನು ನೋಡುವುದು. ಯಾವ ವಿಶ್ವವಿದ್ಯಾಲಯಕ್ಕೂ ಇಲ್ಲದ ಶಿಸ್ತು ಅದು.

ಅಲ್ಲಿ ಉಂಡವರ ಹೆಸರುಗಳನ್ನು ನೋಡಿ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟರು. ಅವರ ಮಗ ಮುತ್ತುರಾಜ ಅಪ್ಪನ ಜೊತೆ ಕಂಪನಿಯಲ್ಲೇ ಬೆಳೆದ. ಶಾಲೆಯ ಓದು ಹೆಚ್ಚು ದಕ್ಕದ ಆ ಹುಡುಗನ ನಾಲಗೆಯಲ್ಲಿ ಕನ್ನಡ ಅಷ್ಟು ಸ್ಪಷ್ಟವಾಗಿ, ಅಲ್ಪಪ್ರಾಣ ಮಹಾಪ್ರಾಣ ಒಂದೂ ತಪ್ಪದಂತೆ ನಿಂತದ್ದು ರಂಗದ ತಾಲೀಮಿನಿಂದ. ಕಂಪನಿಯ ನಾಟಕವಾಗಿದ್ದ ‘ಬೇಡರ ಕಣ್ಣಪ್ಪ’ 1954ರಲ್ಲಿ ಸಿನಿಮಾ ಆದಾಗ ಅವನು ರಾಜ್‌ಕುಮಾರ್ ಆದ. ಜಿ.ವಿ. ಅಯ್ಯರ್ ಎಂಟು ವರ್ಷದ ಹುಡುಗನಾಗಿ ಕಂಪನಿ ಸೇರಿದವರು. ಅವರು ಕೊನೆಗೆ ಸಂಸ್ಕೃತದಲ್ಲೇ ಸಿನಿಮಾ ತೆಗೆಯುವಷ್ಟು ದೂರ ನಡೆದರು.

ನನಗೆ ಇವರೆಲ್ಲರಿಗಿಂತ ಹೆಚ್ಚು ಕಾಡುವುದು ಬಿ.ವಿ. ಕಾರಂತರ ಕಥೆ. ಬಂಟ್ವಾಳದ ಹತ್ತಿರದ ಮಂಚಿಯ ಬಡ ಮನೆಯ ಹುಡುಗ. ಮನೆಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ. ಪಾತ್ರ ಮಾಡಿದ, ಹಾಡಿದ, ಹಾರ್ಮೋನಿಯಂ ಮನೆಗಳನ್ನು ಬೆರಳಿಗೆ ತಂದುಕೊಂಡ. ಹುಡುಗನಿಗೆ ಓದುವ ಹಂಬಲವಿದೆ ಎಂದು ಕಂಡ ವೀರಣ್ಣನವರು ಅವನನ್ನು ಕಾಶಿಗೆ ಕಳಿಸಿ ಹಿಂದಿ ಎಂ.ಎ. ಓದಿಸಿದರು. ವ್ಯಾಪಾರದ ಕಣ್ಣಿನಿಂದ ನೋಡಿದರೆ ಇದರಲ್ಲಿ ಲಾಭವಿಲ್ಲ. ಚೆನ್ನಾಗಿ ಹಾಡುವ ಹುಡುಗ ರಂಗದ ಮೇಲಿದ್ದರೆ ಟಿಕೆಟ್ಟು ಮಾರುತ್ತದೆ, ಕಾಶಿಯಲ್ಲಿ ಕೂತು ಓದುವವನಿಂದ ಕಂಪನಿಗೆ ಖರ್ಚೇ ಹೊರತು ವರಮಾನವಿಲ್ಲ. ಆದರೂ ಕಳಿಸಿದರು. ಕಾರಂತರು 1977ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಅವರ ನಾಟಕಗಳಲ್ಲಿ ಕೇಳುವ ಸಂಗೀತವನ್ನು ಗಮನವಿಟ್ಟು ಆಲಿಸಿದರೆ ಅದರ ತಳದಲ್ಲಿ ಆ ಕಾಲುಹಾರ್ಮೋನಿಯಂ ಉಸಿರಾಡುತ್ತಿರುವುದು ತಿಳಿಯುತ್ತದೆ. ಆಧುನಿಕ ನಾಟಕದವರು ‘ಕಂಪನಿ ನಾಟಕ’ ಎಂಬುದನ್ನೇ ಬೈಗುಳವಾಗಿ ಬಳಸಿದ ದಿನಗಳಿದ್ದವು. ಅವರಿಗೇ ಹಾಡಲು ಕಲಿಸಿದವರು ಕಂಪನಿಯ ಅನ್ನ ಉಂಡವರು.

ಗುಬ್ಬಿ ಒಂದೇ ಅಲ್ಲ. ವರದಾಚಾರ್ಯರ ರತ್ನಾವಳಿ ಕಂಪನಿ, ಮಹಮದ್ ಪೀರ್ ಅವರ ಚಂದ್ರಕಲಾ, ಗದಗಿನ ಗರುಡ ಸದಾಶಿವರಾಯರ ಕಂಪನಿ, ಏಣಗಿ ಬಾಳಪ್ಪನವರ ಕಲಾವೈಭವ, ದಾವಣಗೆರೆಯ ಕೆ.ಬಿ.ಆರ್. ಹೀಗೆ ಒಂದೊಂದು ಸೀಮೆಗೂ ತನ್ನದೆನ್ನುವ ಕಂಪನಿ ಇತ್ತು. ಕಂಪನಿ ಬಂದ ಊರಿನ ಲೆಕ್ಕವೇ ಬದಲಾಗುತ್ತಿತ್ತು. ಸೋಡಾ ಮಾರುವವನು, ಹೂವಿನವಳು, ಜಟಕಾದವನು, ದರ್ಜಿ, ಬಡಗಿ, ಎಲ್ಲರಿಗೂ ನಾಲ್ಕು ಕಾಸು. ಹೊರಡುವ ಮುನ್ನ ಒಂದು ರಾತ್ರಿಯ ಕಲೆಕ್ಷನ್ ಊರಿನ ಶಾಲೆಗೋ ದೇವಸ್ಥಾನಕ್ಕೋ. ಅದಕ್ಕೆ ‘ಸಹಾಯಾರ್ಥ ಪ್ರದರ್ಶನ’ ಎಂದು ಹೆಸರು. ಅಮ್ಮ ಓದಿದ ಪ್ರಾಥಮಿಕ ಶಾಲೆಯ ಎರಡು ಕೋಣೆಗಳಿಗೆ ಹೆಂಚು ಹೊದಿಸಿದ್ದು ಅಂಥ ಒಂದು ರಾತ್ರಿಯ ಹಣದಲ್ಲಿ ಎಂದು ಅವಳು ಈಗಲೂ ಹೇಳುತ್ತಾಳೆ.

ಸಿನಿಮಾ ಬಂದು ಕಂಪನಿಗಳು ಹೋದವು ಎನ್ನುತ್ತಾರೆ. ಅರ್ಧ ನಿಜ. ಸಿನಿಮಾವನ್ನು ಕರೆತಂದವರಲ್ಲಿ ವೀರಣ್ಣನವರೇ ಮುಂದೆ ಇದ್ದರು. ಮೂಕಿಚಿತ್ರಗಳ ಕಾಲದಲ್ಲೇ ಕೈ ಹಾಕಿದರು. ‘ಸದಾರಮೆ’ 1935ರಲ್ಲೇ ತೆರೆಗೆ ಬಂತು. ಚಿತ್ರಮಂದಿರಗಳನ್ನೂ ಕಟ್ಟಿಸಿದರು. ಹೊಸತಕ್ಕೆ ಬಾಗಿಲು ಹಾಕುವ ಜಾಯಮಾನ ಅವರದಾಗಿರಲಿಲ್ಲ. ಕಂಪನಿಗಳ ಬೆನ್ನು ಮುರಿದದ್ದು ಒಂದೇ ಏಟಲ್ಲ: ದುಬಾರಿಯಾದ ಸಾಗಣೆ, ಊರಿನ ನಡುವೆ ಗುಡಾರಕ್ಕೆ ಸಿಗದ ಬಯಲು, ಒಳ್ಳೆಯ ನಟ ಕೈಗೆ ಬರುವ ಹೊತ್ತಿಗೆ ಸಿನಿಮಾಕ್ಕೆ ಹೋಗುವುದು. 1972ರಲ್ಲಿ ವೀರಣ್ಣನವರಿಗೆ ಪದ್ಮಶ್ರೀ ಬಂತು. ಅದೇ ವರ್ಷ ಅವರು ತೀರಿಕೊಂಡರು. ಅವರ ಮೊಮ್ಮಗಳು ಬಿ. ಜಯಶ್ರೀ ತಮ್ಮ ‘ಸ್ಪಂದನ’ ತಂಡದಿಂದ ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದಾಗ ತಾವೇ ಕಳ್ಳನ ಪಾತ್ರ ಮಾಡಿದರು. ಹಿಂದೆ ಗಂಡಸರು ಸದಾರಮೆಯಾಗುತ್ತಿದ್ದ ರಂಗದಲ್ಲಿ ಹೆಣ್ಣುಮಗಳೊಬ್ಬಳು ಅಜ್ಜನ ಕಳ್ಳನಾದಳು. ಆ ದನಿ ಗುಡಾರದ ಕೊನೆಯ ಸಾಲಿಗೆಂದೇ ಹುಟ್ಟಿದ ದನಿ.

ಕಂಪನಿಗಳು ಪೂರ್ತಿ ಹೋಗಿಲ್ಲ. ಬಾದಾಮಿಯ ಬನಶಂಕರಿ ಜಾತ್ರೆಗೆ ಈಗಲೂ ಸಾಲುಸಾಲಾಗಿ ನಾಟಕದ ಗುಡಾರಗಳು ಏಳುತ್ತವೆ. ರಾತ್ರಿಯಿಡೀ ಆಟ. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋಗಿದ್ದೆ. ನಾಟಕದ ಹೆಸರುಗಳು, ಎರಡರ್ಥದ ಮಾತುಗಳು ನನಗೆ ಹಿಡಿಸಲಿಲ್ಲ. ಕೀಬೋರ್ಡಿನ ಅಬ್ಬರದಲ್ಲಿ ಹಾಡು ಮುಳುಗಿಹೋಗುತ್ತಿತ್ತು. ನೊಂದುಕೊಂಡೇ ಎದ್ದು ಹೊರಗೆ ಬಂದು ಗುಡಾರದ ಹಿಂಭಾಗಕ್ಕೆ ನಡೆದೆ.

ಅಲ್ಲಿ ಮೂರು ಕಲ್ಲಿನ ದೊಡ್ಡ ಒಲೆ. ಅದರ ಮೇಲೆ ಕುದಿಯುತ್ತಿದ್ದ ಸಾರು. ಪಕ್ಕದಲ್ಲಿ ಚಾಪೆಯ ಮೇಲೆ ಒಂದು ಹುಡುಗಿ ಬಲ್ಬಿನ ಬೆಳಕಿನಲ್ಲಿ ಮಗ್ಗಿ ಬರೆಯುತ್ತಿದ್ದಳು. ಒಳಗೆ ಅತ್ತೆಯ ಪಾತ್ರ ಮಾಡುತ್ತಿದ್ದ ಹೆಂಗಸು ಎರಡು ದೃಶ್ಯಗಳ ನಡುವೆ ಹೊರಗೆ ಬಂದು, ಬಣ್ಣದ ಮುಖದಲ್ಲೇ ಸೌಟು ಹಿಡಿದು ಉಪ್ಪು ನೋಡಿದಳು. ಅಷ್ಟರಲ್ಲಿ ಒಬ್ಬ ಹುಡುಗ ಬೈಕಿನ ಮೇಲೆ ಎರಡು ಚೀಲ ಅಕ್ಕಿ ತಂದು ಇಳಿಸಿದ.

‘ಅಕ್ಕಾರೆ, ಎಣ್ಣೆ ಡಬ್ಬ ನಾಳೆ ತರುತ್ತೇನೆ.’

‘ಕೊಬ್ಬರಿ ಎಣ್ಣೆ ಮರೆಯಬೇಡ ತಮ್ಮಾ.’

ಅವನು ಜೇಬಿನಿಂದ ಒಂದು ಸಣ್ಣ ಪುಸ್ತಕ ತೆಗೆದು ಬರೆದುಕೊಂಡ. ಅವಳು ಸೀರೆಗೆ ಕೈ ಒರೆಸಿ ಅದರ ಕೆಳಗೆ ಸಹಿ ಹಾಕಿದಳು. ದುಡ್ಡು ಯಾವಾಗ ಕೊಡುತ್ತಾರೆ ಎಂದು ನಾನು ಆ ಹುಡುಗನನ್ನು ಕೇಳಿದೆ. ನನ್ನನ್ನು ವಿಚಿತ್ರವಾಗಿ ನೋಡಿದ.

‘ಗುಡಾರ ಬಿಚ್ಚುವ ದಿನ ಕೊಡುತ್ತಾರೆ ರೀ. ನಮ್ಮ ಅಪ್ಪನ ಕಾಲದಿಂದಲೂ ಹಾಗೆಯೇ.’

ಒಳಗೆ ಅವಳ ದೃಶ್ಯದ ಗಂಟೆ ಬಾರಿಸಿತು. ಅವಳು ಸೌಟನ್ನು ಹುಡುಗಿಯ ಕೈಗೆ ಕೊಟ್ಟು, ಸೆರಗು ಸರಿಪಡಿಸಿಕೊಂಡು ಪರದೆಯ ಕಡೆಗೆ ಓಡಿದಳು.